ಹಳೇ ಕಾರು ಆಯಿಲ್ ಕುಡಿಯುತ್ತಿದೆಯೇ? ಎಂಜಿನ್ ಸವೆತವನ್ನು ಮನೆ ಪಾರ್ಕಿಂಗ್‌ನಲ್ಲೇ ಪರೀಕ್ಷಿಸುವ ಬಗೆ

ಪುಣೆಯ ಯಾವುದೇ ಹೌಸಿಂಗ್ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಒಂದು ಸುತ್ತು ಹಾಕಿ. 2010, 2011ರ ಮಾಡೆಲ್ ಕಾರುಗಳು ಇನ್ನೂ ಬೇಕಾದಷ್ಟು ಸಿಗುತ್ತವೆ. ವಾರಕ್ಕೊಮ್ಮೆ ತರಕಾರಿ ತರಲು, ಹಬ್ಬಕ್ಕೆ ಬೆಳಗಾವಿಗೋ ವಿಜಯಪುರಕ್ಕೋ ಹೋಗಿಬರಲು ಅವು ಸಾಕು. ಈಗ ಆ ಕಾರುಗಳಿಗೆಲ್ಲ 15 ವರ್ಷ ತುಂಬುತ್ತಿದೆ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಮೊದಲು 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5000 ರೂಪಾಯಿ ಆಗಿದೆ. ಮಹಾರಾಷ್ಟ್ರದಲ್ಲಿ ಹಸಿರು ತೆರಿಗೆ ಬೇರೆ ಇದೆ. ಇಷ್ಟು ಹಣ ಹಾಕುವ ಮೊದಲು ಯಾರಿಗಾದರೂ ಬರುವ ಪ್ರಶ್ನೆ ಒಂದೇ: ಈ ಎಂಜಿನ್ ಇನ್ನೈದು ವರ್ಷ ತಾಳುತ್ತದೆಯೇ?

ಗ್ಯಾರೇಜಿನಲ್ಲಿ ಕೇಳಿದರೆ "ಗಾಡಿ ಆಯಿಲ್ ಖಾತೇ", ಅಂದರೆ ಗಾಡಿ ಆಯಿಲ್ ತಿನ್ನುತ್ತಿದೆ ಎನ್ನುವ ಮಾತು ಬರಬಹುದು. ಅದರ ಬೆನ್ನಿಗೇ "ಹಾಫ್ ಎಂಜಿನ್ ಕೆಲಸ ಮಾಡಿಸಿ" ಎನ್ನುವ ಸಲಹೆ. ಎಂಜಿನ್ ಬಿಚ್ಚಿ ಪಿಸ್ಟನ್ ರಿಂಗ್ ಬದಲಿಸುವುದು ಅಂದರೆ ದೊಡ್ಡ ಖರ್ಚು. ಆದರೆ ಆಯಿಲ್ ಕಡಿಮೆಯಾಗುವುದಕ್ಕೆ ರಿಂಗ್ ಒಂದೇ ಕಾರಣವಲ್ಲ. ಕೆಲವು ಕಾರಣಗಳು ಒಂದು ಚಿಕ್ಕ ವಾಲ್ವ್ ಬದಲಿಸಿದರೆ ಮುಗಿಯುವಂಥವು. ಯಾವುದು ಎಂದು ತಿಳಿಯಲು ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಮನೆಯಲ್ಲೇ ಮಾಡಬಹುದು.

ಆಯಿಲ್ ಎಲ್ಲಿಗೆ ಹೋಗುತ್ತದೆ?

ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ ಇರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಚೇಂಬರ್ ಎನ್ನುತ್ತಾರೆ. ಚಿಕ್ಕ ಪೆಟ್ರೋಲ್ ಕಾರುಗಳಲ್ಲಿ ಸುಮಾರು 3ರಿಂದ 4 ಲೀಟರ್ ಹಿಡಿಯುತ್ತದೆ. ಅಲ್ಲಿಂದ ಪಂಪ್ ಆಯಿಲನ್ನು ಮೇಲಕ್ಕೆ ತಳ್ಳುತ್ತದೆ. ಅದು ಉಜ್ಜಿಕೊಳ್ಳುವ ಭಾಗಗಳನ್ನೆಲ್ಲ ನೆನೆಸಿ ಮತ್ತೆ ಕೆಳಗಿಳಿಯುತ್ತದೆ.

ಸಿಲಿಂಡರ್ ಒಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಅದರ ಸುತ್ತ ಸಾಮಾನ್ಯವಾಗಿ ಮೂರು ರಿಂಗ್ ಇರುತ್ತವೆ. ಸೈಕಲ್ ಪಂಪಿನೊಳಗಿನ ವಾಷರ್ ಮಾಡುವ ಕೆಲಸವನ್ನೇ ಮೇಲಿನ ಎರಡು ರಿಂಗ್ ಮಾಡುತ್ತವೆ. ವಾಷರ್ ಸವೆದರೆ ಎಷ್ಟು ಒತ್ತಿದರೂ ಗಾಳಿ ಟ್ಯೂಬಿಗೆ ಹೋಗದೆ ವಾಪಸ್ ಬರುತ್ತದೆ, ಅಲ್ವಾ? ಹಾಗೆಯೇ ಈ ರಿಂಗ್ ಸವೆದರೆ ಉರಿದ ಅನಿಲ ಚೇಂಬರ್ ಕಡೆಗೆ ನುಗ್ಗುತ್ತದೆ. ಮೂರನೆಯ, ಕೆಳಗಿನ ರಿಂಗ್ ಆಯಿಲ್ ರಿಂಗ್. ಸಿಲಿಂಡರ್ ಗೋಡೆಗೆ ಹತ್ತಿದ ಹೆಚ್ಚಿನ ಆಯಿಲನ್ನು ಕೆರೆದು ಕೆಳಗಿಳಿಸುವುದು ಅದರ ಕೆಲಸ. ಅದು ಮಸಿ ಹಿಡಿದು ಅಂಟಿಕೊಂಡರೆ ಆಯಿಲ್ ಮೇಲೇ ಉಳಿದು ಪೆಟ್ರೋಲ್ ಜೊತೆ ಉರಿದುಹೋಗುತ್ತದೆ.

ಇನ್ನೊಂದು ದಾರಿ ಮೇಲಿನಿಂದ. ಸಿಲಿಂಡರಿಗೆ ಗಾಳಿ ಒಳಬಿಡುವ, ಹೊಗೆ ಹೊರಬಿಡುವ ವಾಲ್ವ್‌ಗಳ ಕಡ್ಡಿಗೆ ಪುಟ್ಟ ರಬ್ಬರ್ ಸೀಲ್‌ಗಳಿರುತ್ತವೆ. ವರ್ಷಗಟ್ಟಲೆ ಬಿಸಿಗೆ ಅವು ಗಟ್ಟಿಯಾಗಿ ಬಿರಿಯುತ್ತವೆ. ಆಗ ಆಯಿಲ್ ತೊಟ್ಟು ತೊಟ್ಟಾಗಿ ಸಿಲಿಂಡರಿಗೆ ಇಳಿಯುತ್ತದೆ. ಮೂರನೆಯದು ಪಿಸಿವಿ ವಾಲ್ವ್. ಚೇಂಬರ್‌ನಲ್ಲಿ ತುಂಬುವ ಅನಿಲವನ್ನು ಎಂಜಿನ್ನಿಗೇ ವಾಪಸ್ ಕಳಿಸುವ ಬ್ರೀದರ್ ದಾರಿಯಲ್ಲಿ ಇದು ಕೂತಿರುತ್ತದೆ. ಇದು ಕೆಟ್ಟರೆ ಅನಿಲದ ಜೊತೆ ಆಯಿಲೂ ಎಳೆದುಕೊಂಡು ಹೋಗುತ್ತದೆ. ನಾಲ್ಕನೆಯದು ಎಲ್ಲರಿಗೂ ಗೊತ್ತಿರುವ ಹೊರಗಿನ ಸೋರಿಕೆ. ಟರ್ಬೊ ಇರುವ ಕಾರಾದರೆ ಅದರ ಸೀಲ್ ಐದನೆಯದು.

ಮೊದಲು ಅಳತೆ, ಆಮೇಲೆ ಅನುಮಾನ

"ಆಯಿಲ್ ಸ್ವಲ್ಪ ಕಡಿಮೆ ಆಗ್ತಿದೆ" ಎನ್ನುವ ಮಾತಿನಿಂದ ಏನೂ ತಿಳಿಯುವುದಿಲ್ಲ. ಸಾವಿರ ಕಿಲೋಮೀಟರಿಗೆ ಎಷ್ಟು ಮಿಲಿಲೀಟರ್? ಈ ಒಂದು ಅಂಕಿ ಕೈಯಲ್ಲಿದ್ದರೆ ಉಳಿದದ್ದೆಲ್ಲ ಸುಲಭ. ನನ್ನ ಪ್ರಕಾರ ಬೇರೆ ಯಾವ ಪರೀಕ್ಷೆಗಿಂತಲೂ ಇದು ಮುಖ್ಯ. ಇದಕ್ಕೆ ಬೇಕಾದದ್ದು ಒಂದು ಹತ್ತಿಬಟ್ಟೆ, ಒಂದು ಪೆನ್ನು.

ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ತೋರಿಸುವ ಕಡ್ಡಿಯನ್ನು ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ನೋಡುವುದು ಒಳ್ಳೆಯದು. ರಾತ್ರಿಯಿಡೀ ಆಯಿಲ್ ಕೆಳಗೆ ಇಳಿದಿರುತ್ತದೆ. ಬಿಸಿ ಎಂಜಿನ್ ಆದರೆ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಕೆಲವು ಕಂಪನಿಗಳು ಬಿಸಿ ಇರುವಾಗಲೇ ನೋಡಿ ಎಂದು ಕೈಪಿಡಿಯಲ್ಲಿ ಬರೆದಿರುತ್ತವೆ. ಅಂಥ ಕಾರಿಗೆ ಹಾಗೇ ಮಾಡಿ. ಪ್ರತಿ ಸಲವೂ ಒಂದೇ ರೀತಿ ಮಾಡುವುದು ಮುಖ್ಯ. ಜಾಗವೂ ಒಂದೇ ಇರಲಿ. ಪೋಡಿಯಂ ಪಾರ್ಕಿಂಗ್‌ನಲ್ಲಿ ನೀರು ಹರಿಯಲೆಂದು ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಅಷ್ಟು ಓರೆ ಇದ್ದರೂ ಡಿಪ್‌ಸ್ಟಿಕ್ ಬೇರೆ ಲೆಕ್ಕ ತೋರಿಸುತ್ತದೆ.

ಡಿಪ್‌ಸ್ಟಿಕ್ ಎಳೆದು ಒರೆಸಿ. ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆಯಿರಿ. ಮೊದಲ ಸಲದ ಗುರುತು ಲೆಕ್ಕಕ್ಕಿಲ್ಲ. ಎರಡೂ ಬದಿ ತಿರುಗಿಸಿ ನೋಡಿ. ಹೊರಗೆಳೆಯುವಾಗ ಕಡ್ಡಿ ಕೊಳವೆಗೆ ತಾಗಿ ಒಂದು ಬದಿ ಆಯಿಲ್ ಮೇಲಕ್ಕೆ ಬಳಿದುಕೊಳ್ಳುತ್ತದೆ. ಹಾಗಾಗಿ ಯಾವ ಬದಿ ಕಡಿಮೆ ತೋರಿಸುತ್ತದೋ ಅದನ್ನೇ ನಂಬಿ. ಹೊಸ ಆಯಿಲ್ ತಿಳಿ ಜೇನುಬಣ್ಣ ಇರುವುದರಿಂದ ಗೆರೆ ಕಾಣುವುದೇ ಕಷ್ಟ. ಕಡ್ಡಿಯನ್ನು ಬಿಳಿ ಟಿಶ್ಯೂ ಮೇಲೆ ಒತ್ತಿದರೆ ಎಲ್ಲಿವರೆಗೆ ಒದ್ದೆ ಎಂದು ಗೊತ್ತಾಗುತ್ತದೆ.

ಕೆಳಗಿನ ಗುರುತಿನಿಂದ ಮೇಲಿನ ಗುರುತಿಗೆ ಬಹಳಷ್ಟು ಕಾರುಗಳಲ್ಲಿ ಸುಮಾರು ಒಂದು ಲೀಟರ್. ಚಿಕ್ಕ ಎಂಜಿನ್‌ಗಳಲ್ಲಿ ಅದಕ್ಕಿಂತ ಕಡಿಮೆ ಇರಬಹುದು. ಮೇಲಿನ ಗುರುತಿಗೆ ಸರಿಯಾಗಿ ತುಂಬಿ ಓಡೋಮೀಟರ್ ಬರೆದಿಡಿ. ಅದಕ್ಕಿಂತ ಮೇಲೆ ತುಂಬಬೇಡಿ. ಕೆಳಗೆ ತಿರುಗುವ ಕ್ರ್ಯಾಂಕ್ ದಂಡ ಆಯಿಲಿಗೆ ತಾಗಿ ನೊರೆ ಬರುತ್ತದೆ, ಬ್ರೀದರ್ ದಾರಿಯಲ್ಲೂ ಆಯಿಲ್ ಹೋಗುತ್ತದೆ, ಲೆಕ್ಕವೇ ತಪ್ಪುತ್ತದೆ.

ಪುಣೆಯಿಂದ ಬೆಳಗಾವಿಗೆ ಹೋಗಿಬಂದರೆ ಸುಮಾರು 700 ಕಿಲೋಮೀಟರ್. ಎರಡು ಸಲ ಹೋಗಿಬಂದ ಮೇಲೆ ಮತ್ತೆ ಅದೇ ಗುರುತಿಗೆ ತರಲು 350 ಮಿಲಿ ಬೇಕಾಯಿತು ಎನ್ನಿ. 1400 ಕಿಲೋಮೀಟರಿಗೆ 350 ಅಂದರೆ ಸಾವಿರಕ್ಕೆ 250 ಮಿಲಿ. ಆಯಿಲ್ ಡಬ್ಬಿಯ ಪಕ್ಕದಲ್ಲಿ ಅಳತೆಯ ಗೆರೆ ಇದ್ದರೆ ಒಳ್ಳೆಯದು. ಇಲ್ಲವಾದರೆ ಅಳತೆಯ ಗೆರೆ ಇರುವ ಹಳೆ ಬಾಟಲಿಯಲ್ಲಿ ಅಳೆದು ಹಾಕಿ.

ಊರೊಳಗಿನ ಓಡಾಟ ಲೆಕ್ಕ ತಪ್ಪಿಸುವುದು ಹೇಗೆ

ಇಲ್ಲಿ ಒಂದು ಮೋಸವಿದೆ. ಮನೆಯಿಂದ ಹತ್ತಿರದ ಮಾರ್ಕೆಟ್, ಮಕ್ಕಳ ಟ್ಯೂಶನ್, ವಾಪಸ್. ಇಂಥ ಪುಟ್ಟ ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಉರಿಯದೆ ಉಳಿದ ಪೆಟ್ರೋಲ್ ಸ್ವಲ್ಪ ಸ್ವಲ್ಪವೇ ಆಯಿಲಿಗೆ ಇಳಿಯುತ್ತದೆ. ಆಯಿಲ್ ಕಡಿಮೆಯಾದಷ್ಟೂ ಪೆಟ್ರೋಲ್ ಸೇರಿ ಮಟ್ಟ ಹಾಗೇ ಇದ್ದಂತೆ ಕಾಣುತ್ತದೆ. ಆಮೇಲೆ ಒಂದು ದಿನ ಊರಿಗೆ ಹೊರಡುತ್ತೀರಿ. ಹೈವೇ ಬಿಸಿಗೆ ಆ ಪೆಟ್ರೋಲೆಲ್ಲ ಆವಿಯಾಗುತ್ತದೆ. ಕೊಲ್ಹಾಪುರದಲ್ಲಿ ನೋಡಿದರೆ ಡಿಪ್‌ಸ್ಟಿಕ್ ತಳ ಮುಟ್ಟಿರುತ್ತದೆ. "ನಿನ್ನೆ ತನಕ ಸರಿ ಇತ್ತು" ಎಂದು ಗಾಬರಿಯಾಗುವುದು ಹೀಗೆ. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಹೊಡೆದರೆ ಅದೇ ಸುಳಿವು. ಮಟ್ಟ ಏರುತ್ತಿದ್ದರೂ ಇದೇ ಅನುಮಾನ ಪಡಬೇಕು.

ಇನ್ನೊಂದು ವಿಷಯ. ಹಿಂಜವಡಿ ಟ್ರಾಫಿಕ್‌ನಲ್ಲಿ ಒಂದು ಗಂಟೆ ನಿಂತರೂ ಓಡೋಮೀಟರ್ ಓಡುವುದಿಲ್ಲ, ಎಂಜಿನ್ ಮಾತ್ರ ಓಡುತ್ತಿರುತ್ತದೆ. ಹಾಗಾಗಿ ಊರೊಳಗೆ ತೆಗೆದ ಅಂಕಿ ಹೈವೇ ಅಂಕಿಗಿಂತ ಜಾಸ್ತಿ ಬಂದರೆ ತಕ್ಷಣ ಹೆದರಬೇಕಿಲ್ಲ. ಎರಡನ್ನೂ ಬೇರೆ ಬೇರೆ ಬರೆದಿಡಿ.

ಎಷ್ಟಾದರೆ ಜಾಸ್ತಿ?

ಎಲ್ಲ ಎಂಜಿನ್ನೂ ಸ್ವಲ್ಪ ಆಯಿಲ್ ಸುಡುತ್ತದೆ. ಸಿಲಿಂಡರ್ ಗೋಡೆಯ ಮೇಲೆ ತೆಳು ಪದರ ಇರಲೇಬೇಕು, ಅದರಲ್ಲಿ ಒಂದಿಷ್ಟು ಉರಿಯಲೇಬೇಕು. ಕೆಲವು ಕಂಪನಿಗಳ ಕೈಪಿಡಿಯಲ್ಲಿ ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ತನಕ ಸರಿ ಎಂದೇ ಬರೆದಿರುತ್ತದೆ. ಅದು ಕಂಪನಿ ಒಪ್ಪಿಕೊಳ್ಳುವ ಗರಿಷ್ಠ ಮಿತಿ. ಆರೋಗ್ಯವಾಗಿರುವ ಎಂಜಿನ್ ಅಷ್ಟು ಕುಡಿಯುವುದಿಲ್ಲ.

ಹಳೇ ಕಾರಿಗೆ ನಾನು ಇಟ್ಟುಕೊಳ್ಳುವ ಅಂದಾಜು ಹೀಗೆ. ಸಾವಿರಕ್ಕೆ 200 ಮಿಲಿ ಒಳಗಿದ್ದರೆ ಟಾಪ್-ಅಪ್ ಮಾಡುತ್ತಾ ಆರಾಮಾಗಿ ಓಡಿಸಬಹುದು. 500 ಮಿಲಿ ಹತ್ತಿರ ಬಂದರೆ ಕಾರಣ ಹುಡುಕಬೇಕು. ಒಂದು ಲೀಟರ್ ಮುಟ್ಟಿದರೆ ರಿಪೇರಿಯ ಮಾತು ಆಡಲೇಬೇಕು. ಅಂಕಿಗಿಂತಲೂ ಅದು ಏರುವ ವೇಗ ಮುಖ್ಯ. ವರ್ಷಗಟ್ಟಲೆ 300ರಲ್ಲೇ ನಿಂತ ಎಂಜಿನ್‌ಗಿಂತ ಆರು ತಿಂಗಳಲ್ಲಿ 100ರಿಂದ 300ಕ್ಕೆ ಏರಿದ ಎಂಜಿನ್ ಬಗ್ಗೆ ಹೆಚ್ಚು ಕಾಳಜಿ ಬೇಕು.

ಹೊರಗೆ ಸೋರುತ್ತಿಲ್ಲ ತಾನೆ?

ರಾತ್ರಿ ಕಾರಿನ ಕೆಳಗೆ ರಟ್ಟಿನ ಡಬ್ಬ ಬಿಡಿಸಿ ಹಾಸಿ. ಬೆಳಿಗ್ಗೆ ಕಲೆ ಎಲ್ಲಿದೆ ನೋಡಿ. ಮಳೆಗಾಲದಲ್ಲಿ ಬಯಲು ಪಾರ್ಕಿಂಗ್‌ನಲ್ಲಿ ಇದು ನಡೆಯುವುದಿಲ್ಲ, ಮಳೆ ಎಲ್ಲ ತೊಳೆದುಬಿಡುತ್ತದೆ. ಕಲೆ ಇಲ್ಲ ಎಂದ ಮಾತ್ರಕ್ಕೆ ಸೋರಿಕೆ ಇಲ್ಲ ಎಂದಲ್ಲ. ಟ್ಯಾಪೆಟ್ ಕವರ್, ಅಂದರೆ ಎಂಜಿನ್ನಿನ ಮೇಲ್ಮುಚ್ಚಳದ ಗ್ಯಾಸ್ಕೆಟ್ಟಿನಿಂದ ಜಿನುಗಿದ ಆಯಿಲ್ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದು ಅಲ್ಲೇ ಸುಟ್ಟುಹೋಗಬಹುದು. ಬಾನೆಟ್ ಎತ್ತಿದಾಗ ಸುಟ್ಟ ವಾಸನೆ ಬಂದರೆ ಟಾರ್ಚ್ ಹಾಕಿ ನೋಡಿ. ಆಯಿಲ್ ಫಿಲ್ಟರ್ ಸುತ್ತ, ಡ್ರೈನ್ ಬೋಲ್ಟ್, ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗ ಇವನ್ನೂ ನೋಡಬೇಕು.

ಹೊಗೆ ಯಾವಾಗ ಬರುತ್ತದೆ?

ಆಯಿಲ್ ಉರಿದರೆ ನೀಲಿ ಛಾಯೆಯ ಹೊಗೆ. ಕಪ್ಪು ಹೊಗೆ ಎಂದರೆ ಇಂಧನ ಜಾಸ್ತಿ. ಚಳಿಗಾಲದ ಬೆಳಿಗ್ಗೆ ಬರುವ ಬಿಳಿ ಹೊಗೆ ಬರೀ ನೀರಾವಿ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಸಿಹಿ ವಾಸನೆ, ಜೊತೆಗೆ ಕೂಲಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಅನುಮಾನಿಸಿ.

ನೀಲಿ ಹೊಗೆಯಲ್ಲಿ ಬಣ್ಣಕ್ಕಿಂತ ಸಮಯವೇ ಹೆಚ್ಚು ಹೇಳುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಗುಕ್ಕು ನೀಲಿ ಹೊಗೆ ಬಂದು ನಿಂತುಹೋಯಿತೇ? ರಾತ್ರಿ ವಾಲ್ವ್ ಸೀಲಿನಿಂದ ಇಳಿದು ನಿಂತ ಆಯಿಲ್ ಅದು.

ವಾಲ್ವ್ ಸೀಲ್ ನೋಡಲು ಘಾಟ್ ಇಳಿಯುವುದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಲೋಣಾವಳದಿಂದ ಖೋಪೋಲಿ ಕಡೆಗೆ ಬೋರ್ ಘಾಟ್ ಇಳಿಯುವಾಗ ಕೆಳಗಿನ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟಿರುತ್ತೀರಿ. ಆಗ ಗಾಳಿ ಒಳಬರುವ ದಾರಿ ಮುಚ್ಚಿರುತ್ತದೆ, ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ. ಒಳಗೆ ದೊಡ್ಡ ಎಳೆತ ಹುಟ್ಟುತ್ತದೆ. ಸೀಲ್ ಸಡಿಲವಾಗಿದ್ದರೆ ಆ ಎಳೆತಕ್ಕೆ ಆಯಿಲ್ ಒಳಗೆ ಬಂದು ಸೇರುತ್ತದೆ. ಕೆಳಗೆ ಸಮತಟ್ಟಾದ ರಸ್ತೆ ಸಿಕ್ಕು ಆಕ್ಸಿಲರೇಟರ್ ಒತ್ತಿದೊಡನೆ ಹಿಂದೆ ನೀಲಿ ಮೋಡ. ಇದನ್ನು ಹಿಂದಿನ ಸೀಟಿನಲ್ಲಿ ಕೂತವರು ನೋಡಲಿ, ಓಡಿಸುವವರು ಕನ್ನಡಿಯಲ್ಲಿ ಹುಡುಕುತ್ತಾ ಕೂರಬಾರದು.

ಇದಕ್ಕೆ ತಿರುಗಾ ಮುರುಗಾ, ಘಾಟ್ ಹತ್ತುವಾಗ, ಲೋಡ್ ಬಿದ್ದಾಗ, ಆಕ್ಸಿಲರೇಟರ್ ಒತ್ತಿದಷ್ಟು ಹೊತ್ತೂ ನೀಲಿ ಹೊಗೆ ಬರುತ್ತಿದ್ದರೆ ರಿಂಗ್ ಕಡೆ ಬೆರಳು ತೋರಿಸಬೇಕು. ಹೊಗೆಯೇ ಕಾಣದಿದ್ದರೆ? ಸಮಾಧಾನ ಪಡಬೇಡಿ. ಪೆಟ್ರೋಲ್ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ ಸಣ್ಣ ಪ್ರಮಾಣದ ಆಯಿಲ್ ಹೊಗೆಯನ್ನು ಸುಟ್ಟು ಮುಚ್ಚಿಹಾಕುತ್ತದೆ. ಆದರೆ ಆಯಿಲ್‌ನಲ್ಲಿರುವ ರಂಜಕ ಅದನ್ನೇ ನಿಧಾನವಾಗಿ ಹಾಳು ಮಾಡುತ್ತದೆ. ಆಮೇಲೆ ಪಿಯುಸಿ ಕೇಂದ್ರದಲ್ಲಿ ಹೈಡ್ರೋಕಾರ್ಬನ್ ಅಂಕಿ ಏರುತ್ತದೆ. ಬಿಎಸ್-4 ಪೆಟ್ರೋಲ್ ಕಾರಿಗೆ ಅದರ ಮಿತಿ 200 ಪಿಪಿಎಂ. ಹಳೆಯ ಪಿಯುಸಿ ಚೀಟಿಗಳನ್ನು ಬಿಸಾಡಬೇಡಿ. ಸಾಲಾಗಿ ಇಟ್ಟು ನೋಡಿದರೆ ಎಂಜಿನ್ನಿನ ಕಥೆ ಅದರಲ್ಲೂ ಇರುತ್ತದೆ.

ಕ್ಯಾಪ್ ಮತ್ತು ಪ್ಲಗ್

ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿ ಇರುವಾಗ ಆಯಿಲ್ ಹಾಕುವ ಕ್ಯಾಪ್ ನಿಧಾನಕ್ಕೆ ಸಡಿಲಿಸಿ. ಬಿಸಿ ಆಯಿಲ್ ಸಿಡಿಯಬಹುದು, ಮುಖ ದೂರ ಇರಲಿ. ಒಂದಿಷ್ಟು ಆವಿ ಬಂದರೆ ತೊಂದರೆ ಇಲ್ಲ. ಬುಸ್ ಬುಸ್ ಎಂದು ಒಂದೇ ಲಯದಲ್ಲಿ ಹೊಗೆ ಒದ್ದುಕೊಂಡು ಬರುತ್ತಿದ್ದರೆ, ಸುಮ್ನೆ ಇಟ್ಟ ಕ್ಯಾಪ್ ಕುಣಿಯುತ್ತಿದ್ದರೆ, ಮೆಕ್ಯಾನಿಕ್‌ಗಳು ಹೇಳುವ ಬ್ಯಾಕ್ ಕಂಪ್ರೆಶನ್ ಅದೇ. ಉರಿದ ಅನಿಲ ರಿಂಗ್ ದಾಟಿ ಚೇಂಬರಿಗೆ ಬರುತ್ತಿದೆ. ಆದರೆ ಪಿಸಿವಿ ವಾಲ್ವ್ ಕಟ್ಟಿಕೊಂಡರೂ ಹೀಗೇ ಆಗುತ್ತದೆ. ಅದನ್ನು ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ. ಬಹಳಷ್ಟು ಮಾಡೆಲ್‌ಗಳಲ್ಲಿ ಟಿಕ್ ಟಿಕ್ ಸದ್ದು ಬರಬೇಕು. ಬರದಿದ್ದರೆ ಮೊದಲು ಅದನ್ನು ಬದಲಿಸಿ ಮತ್ತೆ ಅಳೆಯಿರಿ. ಡೀಸೆಲ್ ಎಂಜಿನ್‌ಗಳಲ್ಲಿ ಕ್ಯಾಪ್ ತೆಗೆದಾಗ ಹೊಗೆ ತುಸು ಜಾಸ್ತಿಯೇ ಇರುತ್ತದೆ.

ಕ್ಯಾಪಿನ ಒಳಗೆ ಹಳದಿ ಕೆನೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಕೂಡಲೇ ತೀರ್ಮಾನಿಸಬೇಡಿ. ಪುಣೆ, ಮುಂಬೈ ಮಳೆಗಾಲದಲ್ಲಿ ಹತ್ತಿರದ ಓಡಾಟ ಮಾತ್ರ ಇದ್ದರೆ ತೇವ ಕಟ್ಟಿ ಹೀಗಾಗುತ್ತದೆ. ಡಿಪ್‌ಸ್ಟಿಕ್ ಮೇಲೂ ಅದೇ ಕೆನೆ ಇದ್ದು ಕೂಲಂಟ್ ಕಡಿಮೆಯಾಗಿದ್ದರೆ ಮಾತ್ರ ಚಿಂತೆ.

ಸ್ಪಾರ್ಕ್ ಪ್ಲಗ್‌ಗಳನ್ನು ಎಂಜಿನ್ ತಣ್ಣಗಿರುವಾಗ ಮಾತ್ರ ಬಿಚ್ಚಿ. ಅಲ್ಯುಮಿನಿಯಂ ಹೆಡ್ಡಿನ ಥ್ರೆಡ್ ಬಿಸಿಯಲ್ಲಿ ಕಿತ್ತುಬರಬಹುದು. ಯಾವುದು ಯಾವ ಸಿಲಿಂಡರಿನದ್ದು ಎಂದು ಗುರುತು ಹಾಕಿ ಒಂದು ಪೇಪರ್ ಮೇಲೆ ಸಾಲಾಗಿ ಇಡಿ. ಆರೋಗ್ಯವಾಗಿರುವ ಪ್ಲಗ್ಗಿನ ತುದಿ ತಿಳಿ ಕಂದು. ಆಯಿಲ್ ಬಂದಿದ್ದರೆ ತುದಿ ಒದ್ದೆ ಕಪ್ಪಾಗಿ ಹೊಳೆಯುತ್ತದೆ ಅಥವಾ ಗಟ್ಟಿ ಬೂದಿ ಕಟ್ಟಿರುತ್ತದೆ. ನಾಲ್ಕರಲ್ಲಿ ಒಂದೇ ಹೀಗಿದ್ದರೆ ತೊಂದರೆ ಆ ಸಿಲಿಂಡರಿನದ್ದು. ತುದಿ ಒಣಗಿದ್ದು ಮೇಲಿನ ಪಿಂಗಾಣಿ ಭಾಗಕ್ಕೆ ಮಾತ್ರ ಆಯಿಲ್ ಹತ್ತಿದ್ದರೆ, ಅದು ಟ್ಯಾಪೆಟ್ ಕವರ್ ಸೀಲಿನಿಂದ ಪ್ಲಗ್ ಕುಳಿಗೆ ಇಳಿದದ್ದು. ಕಡಿಮೆ ಖರ್ಚಿನ ಕೆಲಸ.

ಆಯಿಲ್ ಕಪ್ಪಾಗಿದೆ ಎಂಬುದು ಸವೆತದ ಗುರುತಲ್ಲ. ಡೀಸೆಲ್ ಕಾರಿನಲ್ಲಿ ಬದಲಿಸಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಬೆರಳಲ್ಲಿ ಉಜ್ಜಿದಾಗ ಹೊಳೆಯುವ ಲೋಹದ ಪುಡಿ ಸಿಕ್ಕರೆ ಅದು ಸವೆತ.

ಕಂಪ್ರೆಶನ್ ಟೆಸ್ಟ್

ಸಿಲಿಂಡರಿನಲ್ಲಿ ಪಿಸ್ಟನ್ ಎಷ್ಟು ಒತ್ತಡ ಹುಟ್ಟಿಸುತ್ತದೆ ಎಂದು ಅಳೆಯುವ ಪರೀಕ್ಷೆ ಇದು. ಪೆಟ್ರೋಲ್ ಕಾರಾದರೆ ಒಂದು ಗೇಜ್ ಕೊಂಡು ಇದನ್ನೂ ಮಾಡಬಹುದು. ಪ್ಲಗ್ ಥ್ರೆಡ್ಡಿಗೆ ತಿರುಗಿಸಿ ಕೂರಿಸುವಂಥ ಗೇಜ್ ತಗೊಳ್ಳಿ. ಎಂಜಿನ್ ಬಿಸಿ ಮಾಡಿ ಆಫ್ ಮಾಡಿ, ಕೈ ಸುಡದಷ್ಟು ಆರಿದ ಮೇಲೆ ಎಲ್ಲ ಪ್ಲಗ್ ತೆಗೆಯಿರಿ. ಫ್ಯುಯಲ್ ಪಂಪಿನ ಫ್ಯೂಸ್ ತೆಗೆದು, ಇಗ್ನಿಶನ್ ಕಾಯಿಲ್‌ಗಳ ಕನೆಕ್ಟರ್ ಬಿಚ್ಚಿಡಿ. ಇದು ಬಿಟ್ಟರೆ ಬೆಂಕಿಯ ಅಪಾಯ. ಗೇಜ್ ಕೂರಿಸಿ, ಇನ್ನೊಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಲಿ. ಮುಳ್ಳು ಏರಿ ನಿಲ್ಲುವ ತನಕ, ನಾಲ್ಕೈದು ಹೊಡೆತ ಸಾಕು. ಬ್ಯಾಟರಿ ಚೆನ್ನಾಗಿರಬೇಕು, ಇಲ್ಲದಿದ್ದರೆ ಕೊನೆಯ ಸಿಲಿಂಡರ್ ಸುಮ್ನೆ ಕಡಿಮೆ ತೋರಿಸುತ್ತದೆ.

ಪೆಟ್ರೋಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 10ರಿಂದ 14 ಬಾರ್ (ಒತ್ತಡದ ಅಳತೆ) ಬರುತ್ತದೆ. ನಿಮ್ಮ ಮಾಡೆಲ್ಲಿನ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಮುಂಬೈಗಿಂತ ತುಸು ತೆಳು. ಹಾಗಾಗಿ ಶೇ. 5ರಿಂದ 6ರಷ್ಟು ಕಡಿಮೆ ಬರುವುದು ಸಹಜ. ಸಿಲಿಂಡರುಗಳ ನಡುವಿನ ವ್ಯತ್ಯಾಸವನ್ನು ಗಮನಿಸಿ. ಮೂರರಲ್ಲಿ 12 ಬಾರ್ ಬಂದು ಒಂದರಲ್ಲಿ 8.5 ಬಂದರೆ ಅಲ್ಲೇನೋ ಆಗಿದೆ. ಆ ಸಿಲಿಂಡರಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಚೆನ್ನಾಗಿ ಏರಿದರೆ ರಿಂಗಿನ ಸಂದನ್ನು ನೀವು ಹಾಕಿದ ಆಯಿಲ್ ಮುಚ್ಚಿದೆ ಎಂದರ್ಥ, ಅಂದರೆ ಸವೆದದ್ದು ರಿಂಗ್ ಅಥವಾ ಸಿಲಿಂಡರ್. ಏರದಿದ್ದರೆ ವಾಲ್ವ್ ಕೂರುತ್ತಿಲ್ಲ ಅಥವಾ ಗ್ಯಾಸ್ಕೆಟ್ ಹೋಗಿದೆ. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆಯಾದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ.

ಇಲ್ಲಿ ತುಂಬ ಜನ ಎಡವುವ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಪರೀಕ್ಷೆ ಅಳೆಯುವುದು ಮೇಲಿನ ಎರಡು ರಿಂಗಿನ ಹಿಡಿತವನ್ನು. ಕೆಳಗಿನ ಆಯಿಲ್ ರಿಂಗ್ ಮಸಿಗೆ ಅಂಟಿಕೊಂಡಿದ್ದರೆ ನಾಲ್ಕೂ ಸಿಲಿಂಡರ್ 12 ಬಾರ್ ತೋರಿಸುತ್ತವೆ, ಪಿಕಪ್ ಚೆನ್ನಾಗಿರುತ್ತದೆ, ಮೈಲೇಜೂ ಸರಿ ಇರುತ್ತದೆ, ಆದರೂ ಆಯಿಲ್ ಖಾಲಿಯಾಗುತ್ತಿರುತ್ತದೆ. "ಕಂಪ್ರೆಶನ್ ಸರಿ ಇದೆ, ಎಂಜಿನ್ ಓಕೆ" ಎನ್ನುವ ಮಾತು ಅರ್ಧ ಸತ್ಯ. ಹಳೆ ಕಾರು ಕೊಳ್ಳುವವರು ಇದನ್ನು ನೆನಪಿಡಬೇಕು.

ಡೀಸೆಲ್ ಕಾರಿಗೆ ಇದನ್ನು ಮನೆಯಲ್ಲಿ ಮಾಡಬೇಡಿ. ಅಲ್ಲಿನ ಒತ್ತಡ ಎರಡು ಮೂರು ಪಟ್ಟು, ಪೆಟ್ರೋಲ್ ಗೇಜ್ ತಡೆಯುವುದಿಲ್ಲ. ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚುವಾಗ ಮುರಿದರೆ ಖರ್ಚು ದೊಡ್ಡದು.

ಗ್ಯಾರೇಜಿನಲ್ಲಿ ಏನು ಕೇಳಬೇಕು

ಇಷ್ಟೆಲ್ಲ ಬರೆದಿಟ್ಟ ಕಾಗದ ಹಿಡಿದುಕೊಂಡು ಹೋಗಿ. ರಿಂಗ್ ಕೆಲಸಕ್ಕೆ ಒಪ್ಪುವ ಮೊದಲು ಲೀಕ್-ಡೌನ್ ಟೆಸ್ಟ್ ಕೇಳಿ. ಸಿಲಿಂಡರಿಗೆ ಕಂಪ್ರೆಸರ್ ಗಾಳಿ ಬಿಟ್ಟು ಅದು ಎಲ್ಲಿ ಹೊರಬರುತ್ತದೆಂದು ಕಿವಿಗೊಟ್ಟು ಕೇಳುವ ಪರೀಕ್ಷೆ ಇದು. ಆಯಿಲ್ ಕ್ಯಾಪಿನಲ್ಲಿ ಸದ್ದು ಬಂದರೆ ರಿಂಗ್. ಸೈಲೆನ್ಸರಿನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್. ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್.

ರಿಪೇರಿಯನ್ನು ಕಡಿಮೆ ಖರ್ಚಿನಿಂದ ಶುರು ಮಾಡಿ. ಮೊದಲು ಪಿಸಿವಿ, ಆಮೇಲೆ ಹೊರಗಿನ ಸೋರಿಕೆ, ಆಮೇಲೆ ವಾಲ್ವ್ ಸೀಲ್. ಬಹಳಷ್ಟು ಎಂಜಿನ್‌ಗಳಲ್ಲಿ ಹೆಡ್ ಇಳಿಸದೆಯೇ ವಾಲ್ವ್ ಸೀಲ್ ಬದಲಿಸಬಹುದು, ಅದಕ್ಕೆ ಕೈ ಪಳಗಿದವರು ಬೇಕು ಅಷ್ಟೇ. ಕೊನೆಗೆ ರಿಂಗ್. ದಪ್ಪ ಆಯಿಲ್ ಹಾಕಿದರೆ ಕುಡಿಯುವುದು ಸ್ವಲ್ಪ ಕಡಿಮೆಯಾಗಬಹುದು, ಸವೆತ ಮಾತ್ರ ವಾಸಿಯಾಗುವುದಿಲ್ಲ. 5ಡಬ್ಲ್ಯೂ-30 ಕೇಳುವ ಎಂಜಿನ್ನಿಗೆ ನೇರವಾಗಿ 20ಡಬ್ಲ್ಯೂ-50 ಸುರಿದರೆ ಬೆಳಗಿನ ಸ್ಟಾರ್ಟಿನಲ್ಲಿ ಆಯಿಲ್ ಮೇಲೆ ತಲುಪಲು ತಡವಾಗುತ್ತದೆ. ಕೈಪಿಡಿಯಲ್ಲಿ ಹೇಳಿದ ಗ್ರೇಡುಗಳ ಒಳಗೇ ಇರಿ. ಮನೆಯಲ್ಲಿ ತೆಗೆದ ಹಳೇ ಆಯಿಲನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೇ ಕೊಡಿ.

ಕೆಂಪು ದೀಪ ಹತ್ತಿದರೆ

ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಡಬ್ಬಿಯ ಚಿತ್ರದ ಕೆಂಪು ದೀಪವನ್ನು ಬಹಳ ಜನ "ಆಯಿಲ್ ಸ್ವಲ್ಪ ಕಡಿಮೆ ಇದೆ" ಎಂಬ ಸೂಚನೆ ಎಂದುಕೊಳ್ಳುತ್ತಾರೆ. ಅದು ಹೇಳುವುದು ಆಯಿಲ್ ಒತ್ತಡದ ಬಗ್ಗೆ. ಅದು ಹತ್ತುವ ಹೊತ್ತಿಗೆ ಪಂಪ್ ಆಯಿಲ್ ಬದಲು ಗಾಳಿ ಎಳೆಯುತ್ತಿರಬಹುದು. ಘಾಟಿನ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದಾಗ ಒಂದು ಕ್ಷಣ ಮಿನುಗಿದರೂ ಮಟ್ಟ ತುಂಬ ಕೆಳಗಿದೆ ಎಂದು ತಿಳಿಯಿರಿ. ಮುಂದಿನ ಪೆಟ್ರೋಲ್ ಬಂಕ್ ತನಕ ಹೋಗೋಣ ಎನ್ನಬೇಡಿ. ಬದಿಗೆ ತಂದು ಎಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಡಿಕ್ಕಿಯಲ್ಲಿರುವ ಒಂದು ಲೀಟರ್ ಡಬ್ಬಿಯಿಂದ ತುಂಬಿ. ಮಟ್ಟ ಸರಿ ಇದ್ದೂ ದೀಪ ಆರದಿದ್ದರೆ ಟೋಯಿಂಗ್ ಗಾಡಿಗೆ ಫೋನ್ ಮಾಡಿ.